ಮಾರಿದ ಮನೆ ಮರಳಿ ಮಾರಾಟಕ್ಕೆ: ಪ್ರಾಚೀನ ವ್ಯವಹಾರಶಾಸ್ತ್ರದ ಒಂದು ವಿಚಾರ

ಮಾರಾಟವಾಯಿತೆಂದು ಊರಿಗೆಲ್ಲ ತಿಳಿದ ಮನೆಯೊಂದು ಕೆಲವೇ ದಿನಗಳಲ್ಲಿ ಮತ್ತೆ ಮಾರಾಟಕ್ಕೆ ಬಂದರೆ ಜನರಲ್ಲಿ ಸಂಶಯ ಹುಟ್ಟುವುದು ಸಹಜ. ಮನೆಯಲ್ಲಿ ಏನೋ ದೋಷವಿದೆಯೆಂದು ಕೆಲವರೂ, ಮಾರಿದವನು ಮಾತಿಗೆ ತಪ್ಪಿದನೆಂದು ಕೆಲವರೂ ಊಹಿಸುವರು. ಈ ಊಹೆ ಎಷ್ಟರಮಟ್ಟಿಗೆ ನ್ಯಾಯವಾದುದು? ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರಕಾರರು ಇಂತಹ ಸಂದರ್ಭಗಳನ್ನು ಮುಂಗಂಡು, ಅವುಗಳಿಗೆ ಕಾಲಮಿತಿಯನ್ನೂ ದಂಡವನ್ನೂ ವಿಧಿಸಿದ್ದಾರೆ. ಅವರ ವಚನಗಳನ್ನು ಒಟ್ಟಿಗೆ ಇಟ್ಟು ನೋಡಿ, ಕ್ರಯವೆಂಬುದು ಅವರ ದೃಷ್ಟಿಯಲ್ಲಿ ಯಾವಾಗ ಪೂರ್ಣವಾಗುತ್ತಿತ್ತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದುಕೊಳ್ಳಬಹುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಇದನ್ನು 1909ರಲ್ಲಿ ಅಚ್ಚು ಹಾಕಿಸಿದ ಸಂಗತಿ ಸುಪ್ರಸಿದ್ಧವಾದುದು. ಗ್ರಂಥದ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ, ಅದರ ಮೂರನೆಯ ಅಧಿಕರಣದಲ್ಲಿ ಬರುವ ವಾಸ್ತುವಿಕ್ರಯದ ವಿಧಿ ಬಹಳ ಸ್ಪಷ್ಟವಾಗಿದೆ. ಇಲ್ಲಿ ವಾಸ್ತುವೆಂದರೆ ಮನೆ, ಹೊಲ, ತೋಟ, ಕಟ್ಟೆ, ಕೆರೆ ಮುಂತಾದ ಸ್ಥಿರವಸ್ತುಗಳು. ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲ ಕೊಟ್ಟವರಿಗೆ. ಇವರು ಬೇಡವೆಂದ ಮೇಲೆಯೇ ಹೊರಗಿನವರಿಗೆ. ಮನೆಯಾದರೆ ನೆರೆಯ ನಲವತ್ತು ಕುಲದವರ ಸಮ್ಮುಖದಲ್ಲಿ, ಆ ಮನೆಯ ಮುಂದೆಯೇ, ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಬಾರಿ ಸಾರಬೇಕು. ಯಾರೂ ಅಡ್ಡಿ ಮಾಡದಿದ್ದರೆ ಕೂಗಿಗೆ ಒಪ್ಪಿದವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ ಆ ಹೆಚ್ಚಳವು ಶುಲ್ಕದೊಡನೆ ರಾಜನ ಬೊಕ್ಕಸಕ್ಕೆ ಸೇರತಕ್ಕದ್ದು.

ನಮ್ಮ ವಿಷಯಕ್ಕೆ ಮುಖ್ಯವಾದ ವಿಧಿ ಇದರ ಮುಂದೆ ಬರುತ್ತದೆ. ಕೂಗಿ ಒಪ್ಪಿಕೊಂಡವನು ಏಳು ರಾತ್ರಿಗಳು ಕಳೆದರೂ ಬಾರದೆ ಹೋದರೆ ಒಡೆಯನು ಆ ವಾಸ್ತುವನ್ನು ಬೇರೊಬ್ಬನಿಗೆ ಮಾರಬಹುದು. ಅವಧಿಗೆ ಮುನ್ನ ಕಟ್ಟು ಮೀರಿದರೆ ವಾಸ್ತುವಿನ ವಿಷಯದಲ್ಲಿ 200 ಪಣ, ಇತರ ವಸ್ತುಗಳಲ್ಲಿ 24 ಪಣ ದಂಡ. ಅಂದರೆ, ಮಾರಿದುದೆಂದು ನಲವತ್ತು ಮನೆತನಗಳು ತಿಳಿದಿದ್ದ ಮನೆ ಎಂಟನೆಯ ದಿನ ಮತ್ತೆ ಮಾರಾಟಕ್ಕೆ ಬರುವುದನ್ನು ಶಾಸ್ತ್ರವೇ ಒಪ್ಪಿದೆ. ಅದರಲ್ಲಿ ಮನೆಯ ದೋಷವಾಗಲಿ, ಒಡೆಯನ ದೋಷವಾಗಲಿ ಇಲ್ಲ. ಕೊಳ್ಳುವವನು ಹಣದೊಡನೆ ಬಾರದಿರುವುದಷ್ಟೇ ಕಾರಣ. ಏರಿದ ಬೆಲೆ ಒಡೆಯನಿಗೆ ದಕ್ಕದಂತೆ ಮಾಡಿರುವುದೂ ಗಮನಾರ್ಹ. ಇದರಿಂದ ಬೊಕ್ಕಸಕ್ಕೆ ಲಾಭವಾಗುತ್ತಿದ್ದುದು ನಿಜ. ಆದರೆ ಸುಳ್ಳು ಸವಾಲುಗಾರರನ್ನು ನಿಲ್ಲಿಸಿ ಬೆಲೆ ಏರಿಸುವ ಆಸೆಗೂ ಇದು ಕಡಿವಾಣವಾಗಿದ್ದಿರಬೇಕೆಂದು ಊಹಿಸಬಹುದು.

ಎರಡನೆಯ ಕಾರಣ ಅನುಶಯ, ಎಂದರೆ ಕೊಂಡ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಕ್ರಯವಿಕ್ರಯಾನುಶಯವನ್ನು ಮನುವು ವ್ಯವಹಾರದ ಹದಿನೆಂಟು ಪದಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಅವನ ಪ್ರಕಾರ ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಅನಂತರ ಹಾಗೆ ಮಾಡಿದವನಿಗೆ 600 ಪಣ ದಂಡ. ನಾರದನು ಇನ್ನೂ ಬಿಗಿಯಾಗಿದ್ದಾನೆ. ಕೊಂಡ ದಿನವೇ ಕೆಡದಂತೆ ಹಿಂದಿರುಗಿಸಿದರೆ ನಷ್ಟವಿಲ್ಲ. ಎರಡನೆಯ ದಿನ ಬೆಲೆಯ ಮೂವತ್ತನೆಯ ಒಂದು ಪಾಲು, ಮೂರನೆಯ ದಿನ ಅದರ ಇಮ್ಮಡಿ ಕಳೆದುಕೊಳ್ಳಬೇಕು. ಆಮೇಲೆ ವಸ್ತು ಕೊಂಡವನದೇ. ಯಾಜ್ಞವಲ್ಕ್ಯನು ಬೀಜ, ಕಬ್ಬಿಣ, ರತ್ನ, ಕರೆಯುವ ಹಸು ಮೊದಲಾದವುಗಳಿಗೆ ಬೇರೆ ಬೇರೆ ಪರೀಕ್ಷಾಕಾಲವನ್ನು ಹೇಳುತ್ತಾನೆ. ಆ ಪಟ್ಟಿಯಲ್ಲಿ ಮನೆಯಿಲ್ಲ. ಆದರೆ ಭೂಮಿಯ ಮಾತನ್ನು ಬಿಡಿಯಾಗಿ ಎತ್ತಿದವನು ಕಾತ್ಯಾಯನ. ಬೇರೆ ಗ್ರಂಥಗಳಲ್ಲಿ ಉದ್ಧೃತವಾಗಿ ಮಾತ್ರ ಉಳಿದಿರುವ ಅವನ ಸ್ಮೃತಿಯಲ್ಲಿ, ಭೂಮಿಯನ್ನು ಮಾರಿದವನಿಗೂ ಕೊಂಡವನಿಗೂ ಹತ್ತು ದಿನ, ಸಪಿಂಡರಿಗೆ ಹನ್ನೆರಡು ದಿನ ಅವಧಿಯನ್ನು ಕೊಟ್ಟಿದೆ.

ಸಪಿಂಡರಿಗೆ ಎರಡು ದಿನ ಹೆಚ್ಚಾಗಿ ದೊರೆತಿರುವುದು ನಮ್ಮನ್ನು ಮೂರನೆಯ ಕಾರಣಕ್ಕೆ ಒಯ್ಯುತ್ತದೆ. ಮಾರುವವನೂ ಕೊಳ್ಳುವವನೂ ತೃಪ್ತರಾಗಿದ್ದರೂ, ಮೂರನೆಯವರ ಹಕ್ಕಿನಿಂದ ಕ್ರಯವು ಮುರಿಯಬಹುದು. ಈ ವಿಷಯದಲ್ಲಿ ಕರ್ನಾಟಕದ ವಿಜ್ಞಾನೇಶ್ವರನ ವಿವೇಚನೆ ಮನನೀಯವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ಈ ಪಂಡಿತನು, ಗ್ರಾಮ, ಜ್ಞಾತಿ, ನೆರೆಯವರು, ದಾಯಾದರು ಇವರ ಅನುಮತಿಯಿಂದಲೂ ಹಿರಣ್ಯೋದಕಗಳಿಂದಲೂ ಭೂಮಿ ಕೈಬದಲಾಗುತ್ತದೆಂಬ ಹಳೆಯ ವಚನವನ್ನು ಎತ್ತಿಕೊಂಡು ಒಂದೊಂದರ ಪ್ರಯೋಜನವನ್ನೂ ಬಿಡಿಸಿ ಹೇಳುತ್ತಾನೆ. ಗ್ರಾಮದ ಅನುಮತಿ ವ್ಯವಹಾರವು ಪ್ರಕಟವಾಗಲೆಂದು. ಅದಿಲ್ಲದಿದ್ದರೆ ಕ್ರಯವೇ ಅಸಿದ್ಧವೆಂದಲ್ಲ. ನೆರೆಯವರ ಅನುಮತಿ ಎಲ್ಲೆಯ ವಿವಾದ ಹುಟ್ಟದಿರಲೆಂದು. ಸ್ಥಾವರಕ್ಕೆ ವಿಕ್ರಯ ನಿಷಿದ್ಧವೆಂಬ ವಚನವಿರುವುದರಿಂದ, ಮಾರಾಟವನ್ನೂ ಚಿನ್ನ ನೀರುಗಳೊಡನೆ ದಾನದ ರೂಪದಲ್ಲಿ ನಡೆಸಬೇಕೆಂಬುದು ಅವನ ಮತ. ಮನೆ ಮಾರಲು ಬಾರದ ವಸ್ತುವೆಂಬ ಹಿಂದಿನ ಭಾವನೆಗೂ, ಮಾರದೆ ಗತ್ಯಂತರವಿಲ್ಲದ ಗೃಹಸ್ಥನ ಕಷ್ಟಕ್ಕೂ ನಡುವೆ ಅವನು ಹಾಕಿದ ಸೇತುವೆ ಇದು.

ಶಾಸ್ತ್ರವಚನಗಳು ವಿಧಿಗಳೇ ಹೊರತು ನಡೆದ ವ್ಯವಹಾರದ ದಾಖಲೆಗಳಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಪ್ರತಿಯೊಂದು ಊರಿನಲ್ಲಿಯೂ ನಲವತ್ತು ಕುಲದವರನ್ನು ಕರೆದೇ ಮನೆ ಮಾರುತ್ತಿದ್ದರೆಂದು ಇದರಿಂದ ಸಾಧಿಸಲಾಗದು. ಆದರೂ ಒಂದು ತೊಡಕಿಗೆ ಇಷ್ಟು ಮಂದಿ ಶಾಸ್ತ್ರಕಾರರು ಪರಿಹಾರ ಹುಡುಕಿರುವಾಗ, ಆ ತೊಡಕು ಲೋಕದಲ್ಲಿ ಇದ್ದಿತೆಂದು ನಂಬಲು ಅಡ್ಡಿಯಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿಯೂ ಇದೇ ಸಮಸ್ಯೆ ಬೇರೊಂದು ವೇಷದಲ್ಲಿ ಕಾಣಿಸುತ್ತದೆ. ಕ್ರಯದ ಕರಾರು ತನ್ನಷ್ಟಕ್ಕೆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲವೆಂದು ಅದರ 54ನೆಯ ಕಲಮು ಹೇಳುತ್ತದೆ. ತನಗೆ ಗೊತ್ತಿದ್ದು ಕೊಳ್ಳುವವನ ಸಾಮಾನ್ಯ ಪರೀಕ್ಷೆಗೆ ಸಿಕ್ಕದ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕೆಂದು 55ನೆಯ ಕಲಮು ವಿಧಿಸುತ್ತದೆ. ಆದರೆ ಬರಿಯ ಪಶ್ಚಾತ್ತಾಪಕ್ಕೆ ಮನುವಿನ ಹತ್ತು ದಿನಗಳಂತಹ ಅವಕಾಶವನ್ನು ಈ ಕಾಯಿದೆ ಕೊಟ್ಟಿಲ್ಲ. ಆದುದರಿಂದ ಅವಸರದಲ್ಲಿ ಕೊಂಡು ಮನಸ್ಸು ಬದಲಾದವನಿಗೆ, ಮನೆಯನ್ನು ಮಾರಿದವನಿಗೇ ಮರಳಿಸುವ ಹಕ್ಕಿಲ್ಲ. ಅವನು ತಾನೇ ಮಾರುಗಾರನಾಗಿ ಸಂತೆಗೆ ಬರಬೇಕಾಗುತ್ತದೆ.

ಇಷ್ಟರಿಂದ ತಿಳಿದುಬರುವುದೇನೆಂದರೆ, ಮನೆಯ ಕ್ರಯವು ಒಂದು ಕ್ಷಣದಲ್ಲಿ ಮುಗಿಯುವ ಕಾರ್ಯವಲ್ಲ. ಕೊಟ್ಟ ಮಾತಿಗೂ ಕೈಸೇರಿದ ಸ್ವತ್ತಿಗೂ ನಡುವೆ ಕೆಲವು ದಿನಗಳ ಅಂತರವಿರುತ್ತದೆ. ಹಣದ ಅಭಾವ, ಮನಸ್ಸಿನ ಬದಲಾವಣೆ, ನಂಟರ ಮತ್ತು ನೆರೆಯವರ ಹಕ್ಕು ಇವು ಪ್ರವೇಶಿಸುವುದು ಆ ಅಂತರದಲ್ಲಿಯೇ. ಪ್ರಾಚೀನರು ಅದನ್ನು ಮುಚ್ಚಿಡದೆ ದಿನಗಳಲ್ಲಿ ಅಳೆದು, ಎಲ್ಲರೆದುರಿಗೆ ಸಾರಿ, ನಿಯಮಕ್ಕೆ ಒಳಪಡಿಸಿದರು. ಹಳೆಯ ಕ್ರಯಪತ್ರಗಳನ್ನು ಓದುವ ಸಂಶೋಧಕನು, ಒಂದೇ ಮನೆ ಅಲ್ಪಕಾಲದಲ್ಲಿ ಎರಡು ಬಾರಿ ಮಾರಾಟಕ್ಕೆ ಬಂದುದನ್ನು ಕಂಡಾಗ ವಂಚನೆಯನ್ನು ಶಂಕಿಸುವುದಕ್ಕೆ ಮುಂಚೆ, ಮೊದಲ ಕ್ರಯವು ನಿಜವಾಗಿ ಪೂರ್ಣವಾಗಿತ್ತೇ ಎಂದು ಕೇಳಿಕೊಳ್ಳುವುದು ಉಚಿತ.