ಗಂಡಿಗೂ ಹೆಣ್ಣಿಗೂ ಒಂದೇ ಹೆಸರು

ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾವು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಅರ್ಜಿಯೊಂದಕ್ಕೆ ಉತ್ತರ ಬರೆಯಬೇಕಾಗಿತ್ತು. ಅರ್ಜಿಯ ಕೊನೆಯಲ್ಲಿದ್ದ ಹೆಸರು ‘ಮನಜೀತ್’ ಎಂದಷ್ಟೇ. ಹಿಂದೆಮುಂದೆ ನೋಡದೆ ‘ಶ್ರೀ ಮನಜೀತ್’ ಎಂದು ಸಂಬೋಧಿಸಿ ಪತ್ರ ಕಳುಹಿಸಿದೆವು. ಹದಿನೈದು ದಿನಗಳ ಬಳಿಕ ಐವತ್ತು ದಾಟಿದ ಮಹಿಳೆಯೊಬ್ಬರು ಆ ಪತ್ರವನ್ನೇ ಹಿಡಿದು ನಮ್ಮ ಮೇಜಿನ ಮುಂದೆ ಬಂದು ನಿಂತರು. ನಾವು ತಡವರಿಸುತ್ತ ಕ್ಷಮೆ ಕೇಳಿದಾಗ ಅವರು ನಕ್ಕು, ‘ತಪ್ಪು ನನ್ನದೂ ಇದೆ, ಕೌರ್ ಎಂದು ಬರೆಯುವುದನ್ನು ಮರೆತೆ’ ಎಂದರು.

ಒಂದು ಪದ ಬಿಟ್ಟುಹೋದ ಮಾತ್ರಕ್ಕೆ ಹೆಣ್ಣನ್ನು ಗಂಡೆಂದು ತಿಳಿಯುವಂತಾಗುವ ಈ ಪದ್ಧತಿ ಅಂದು ನಮಗೆ ವಿಚಿತ್ರವಾಗಿ ಕಂಡಿತ್ತು. ಅದು ನಮ್ಮದೇ ಮನೆಯ ಪದ್ಧತಿಯೂ ಹೌದೆಂಬುದು ಅರಿವಾಗಲು ಮತ್ತೆ ಹತ್ತು ವರ್ಷ ಬೇಕಾಯಿತು.

ಪಂಜಾಬಿನ ಸಿಖ್ಖರಲ್ಲಿ ಮಗುವಿಗೆ ಹೆಸರಿಡುವಾಗ ಗುರು ಗ್ರಂಥ ಸಾಹಿಬನ್ನು ತೆರೆದು, ಅಲ್ಲಿ ದೊರೆತ ಪದ್ಯದ ಮೊದಲ ಅಕ್ಷರದಿಂದ ಹೆಸರನ್ನು ಆರಿಸುತ್ತಾರೆ. ಆ ಅಕ್ಷರ ಗಂಡು ಹೆಣ್ಣೆಂದು ನೋಡುವುದಿಲ್ಲ. ಆದ್ದರಿಂದಲೇ ಹರಪ್ರೀತ್, ಗುರದೀಪ್, ಮನಜೀತ್, ಸುರಿಂದರ್ ಮೊದಲಾದ ಹೆಸರುಗಳು ಅಣ್ಣನಿಗೂ ಸಲ್ಲುತ್ತವೆ, ತಂಗಿಗೂ ಸಲ್ಲುತ್ತವೆ. ಗುರುತು ಹೇಳುವುದು ಹಿಂದೆ ಬರುವ ಪದ: ಗಂಡಿಗೆ ಸಿಂಗ್, ಹೆಣ್ಣಿಗೆ ಕೌರ್. ಸಂಪ್ರದಾಯವು ಇದರ ಮೂಲವನ್ನು 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಸ್ಥಾಪಿಸಿದ ಖಾಲ್ಸಾಕ್ಕೆ ಒಯ್ಯುತ್ತದೆ. 20ನೆಯ ಶತಮಾನದಲ್ಲಿ ರೂಪುಗೊಂಡ ಸಿಖ್ ರೆಹತ್ ಮರ್ಯಾದಾ ಇದನ್ನು ಎಲ್ಲ ಸಿಖ್ಖರಿಗೂ ನಿಯಮವಾಗಿ ಬರೆದಿಟ್ಟಿತು. ಜಾತಿ ಹೇಳುವ ಅಡ್ಡಹೆಸರನ್ನು ಬದಿಗಿಟ್ಟು ಎಲ್ಲ ಗಂಡಸರೂ ಒಂದೇ, ಎಲ್ಲ ಹೆಂಗಸರೂ ಒಂದೇ ಎನ್ನುವ ಆಶಯ ಆ ಎರಡು ಪದಗಳಲ್ಲಿದೆ.

ಇದಕ್ಕೆ ವಿರುದ್ಧವಾದ ಮಾರ್ಗ ನಮ್ಮ ಧರ್ಮಶಾಸ್ತ್ರಗಳದು. ಹೆಣ್ಣಿನ ಹೆಸರು ದೀರ್ಘ ಸ್ವರದಲ್ಲಿ ಮುಗಿಯಬೇಕೆಂದು ಮನುಸ್ಮೃತಿ ಹೇಳುತ್ತದೆ. ಗಂಡಿಗೆ ಎರಡು ಅಥವಾ ನಾಲ್ಕು ಅಕ್ಷರದ ಹೆಸರು, ಹೆಣ್ಣಿಗೆ ಬೆಸ ಸಂಖ್ಯೆಯ ಅಕ್ಷರಗಳುಳ್ಳ ಆಕಾರಾಂತ ಹೆಸರು ಎಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಇಲ್ಲಿ ಭೇದವು ಹೆಸರಿನ ಒಡಲಲ್ಲೇ ಸೇರಿಹೋಗಿದೆ. ಈ ಎರಡು ಮಾರ್ಗಗಳೂ ಒಬ್ಬರದೇ ಬದುಕಿನಲ್ಲಿ ಕೂಡಿದ್ದನ್ನು ಕಾಣಬೇಕಾದರೆ ಪಂಜಾಬಿ ಕವಯಿತ್ರಿ ಅಮೃತಾ ಪ್ರೀತಮರನ್ನು ನೋಡಬೇಕು. 1919ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಅಮೃತ್ ಕೌರ್. ಕೌರ್ ಕಳಚಿದಾಗ ಅಮೃತ್ ಎಂಬುದು ಅಮೃತಾ ಆಯಿತು. ಹಿಂದಿನ ಪದ ಹೇಳುತ್ತಿದ್ದುದನ್ನು ಕೊನೆಯ ದೀರ್ಘ ಸ್ವರ ಹೇಳತೊಡಗಿತು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ತಾಯಿಯ ಹೆಸರು ನಿಂಗವ್ವ. ಕೊಪ್ಪಳದ ಕಡೆಯ ಹಳ್ಳಿಯವರು. ತಂದೆಯವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗಾಗಿ ತಾಯಿಯವರ ಕಾಗದಪತ್ರಗಳನ್ನು ಇಲ್ಲಿಯ ಕಚೇರಿಯೊಂದಕ್ಕೆ ಸಲ್ಲಿಸಬೇಕಾಯಿತು. ಅರ್ಜಿಯಲ್ಲಿ ಹೆಸರಿಗೊಂದು ಚೌಕ, ಅಡ್ಡಹೆಸರಿಗೊಂದು ಚೌಕ. ತುಂಬಿಕೊಂಡವರು ಯಾರೋ ‘ನಿಂಗ’ ಎಂಬುದನ್ನು ಮೊದಲ ಚೌಕದಲ್ಲೂ ‘ಅವ್ವ’ ಎಂಬುದನ್ನು ಎರಡನೆಯದರಲ್ಲೂ ಬರೆದರು. ಮುಂದಿನ ಮೇಜಿಗೆ ಹೋಗುವಷ್ಟರಲ್ಲಿ ಎರಡನೆಯ ಚೌಕ ಖಾಲಿಯಾಗಿತ್ತು. ‘ಶ್ರೀ ನಿಂಗ’ ಎಂಬ ಹೆಸರಿನಲ್ಲಿ ಒಬ್ಬ ಗಂಡಸು ಸೃಷ್ಟಿಯಾಗಿ, ತೀರಿಹೋದ ನೌಕರನಿಗೆ ಇಂಥ ಹೆಂಡತಿ ಇದ್ದಳೆಂಬುದಕ್ಕೆ ದಾಖಲೆಯಿಲ್ಲವೆಂದು ನಾಲ್ಕು ತಿಂಗಳು ಹಣ ನಿಂತಿತು. ಲಿಂಗ ಎಂಬುದು ಹಳ್ಳಿಯ ಬಾಯಲ್ಲಿ ನಿಂಗ ಆಗುತ್ತದೆ. ಆ ಹೆಸರಿನ ಮುದುಕಿಯೊಬ್ಬಳು, ‘ಲಿಂಗ’ ಎಂದು ತಲೆಬರಹವಿದ್ದ ಅಂಕಣದಲ್ಲಿ ತಪ್ಪಾಗಿ ದಾಖಲಾದದ್ದು ಒಂದು ಬಗೆಯ ವಿನೋದವೇ. ಆದರೆ ಆ ನಾಲ್ಕು ತಿಂಗಳಲ್ಲಿ ನಮಗೆ ನಗು ಬರಲಿಲ್ಲ.

ನಕ್ಕವರು ತಾಯಿ. ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಕೇಳಿದರು: ‘ನನ್ನ ಹೆಸರಿನ್ಯಾಗಿಂದ ಅವ್ವನ್ನ ತಗದ್ರ ಉಳಿಯೂದು ನಮ್ಮಣ್ಣನ ಹೆಸರು. ಅವಗೂ ನಿಂಗ, ನನಗೂ ನಿಂಗ. ಈಗೇನ್ ಪಿಂಚಣಿ ಅವಗ ಕೊಡ್ತಾರೇನ್ ಯಪ್ಪಾ?’ ನಮ್ಮ ಸೋದರಮಾವನ ಹೆಸರು ನಿಂಗಪ್ಪ. ಮನೆದೇವರ ಹೆಸರನ್ನು ಅಣ್ಣ ತಂಗಿಯರಿಬ್ಬರಿಗೂ ಇಟ್ಟಿದ್ದರು. ಮನಜೀತ್ ಕೌರ್ ಅವರ ಮುಂದೆ ನಾವು ಮಾಡಿದ ತಪ್ಪನ್ನೇ ಇಲ್ಲಿ ಮತ್ತೊಬ್ಬರು ನಮ್ಮ ತಾಯಿಗೆ ಮಾಡಿದ್ದರು.

ಅಂದಿನಿಂದ ಕನ್ನಡದ ಹಳೆಯ ಹೆಸರುಗಳನ್ನು ಕಂಡಲ್ಲೆಲ್ಲ ನಿಂತು ನೋಡುವುದು ನಮಗೆ ಅಭ್ಯಾಸವಾಯಿತು. ಅವುಗಳಲ್ಲಿ ಬಹುಪಾಲು ಇದೇ ಜಾಡಿನವು. ಮೂಲ ಹೆಸರು ಇಬ್ಬರಿಗೂ ಸೇರಿದ್ದು. ಹಿಂದೆ ಕೂಡುವ ಅಪ್ಪ, ಅಯ್ಯ, ಅಣ್ಣ, ಅವ್ವ, ಅಮ್ಮ, ಅಕ್ಕಗಳೇ ಭೇದವನ್ನು ತೋರುವುವು. ಬಸಪ್ಪ ಬಸವ್ವ, ಮಲ್ಲಪ್ಪ ಮಲ್ಲವ್ವ, ಕಲ್ಲಪ್ಪ ಕಲ್ಲವ್ವ, ಸಿದ್ದಪ್ಪ ಸಿದ್ದವ್ವ, ಕೆಂಪಣ್ಣ ಕೆಂಪಮ್ಮ, ತಿಮ್ಮಪ್ಪ ತಿಮ್ಮಕ್ಕ. ದೇವರು ಗಂಡೋ ಹೆಣ್ಣೋ ಎಂಬುದೂ ಅಡ್ಡಬರುವುದಿಲ್ಲ. ಸವದತ್ತಿಯ ಎಲ್ಲಮ್ಮ ಹೆಣ್ಣುದೇವರು, ಆಕೆಯ ಹೆಸರು ಹೊತ್ತವನು ಎಲ್ಲಪ್ಪ. ಕೊಪ್ಪಳದ ಸಮೀಪದ ಹುಲಿಗೆಮ್ಮನ ಹೆಸರಿನಿಂದ ಹುಲಿಗೆಪ್ಪ. ಬ್ರಹ್ಮಚಾರಿಯಾದ ಹನುಮನೂ ಹನುಮವ್ವ ಎಂಬ ಹೆಣ್ಣುಮಗಳಿಗೆ ತನ್ನ ಹೆಸರನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಇದು ಇತ್ತೀಚಿನ ರೂಢಿಯಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ತಂಗಿಯ ಹೆಸರು ಗುಂಡಮಬ್ಬೆ. ಅಬ್ಬೆ ಎಂದರೆ ತಾಯಿ. ಅದೇ ಗುಂಡ ಎಂಬ ಮೂಲಕ್ಕೆ ಅಪ್ಪ ಸೇರಿದ ಹೆಸರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಕೂಸಿಗೆ ಬಂದು, ಡಿ.ವಿ. ಗುಂಡಪ್ಪ ಎಂದು ನಮಗೆಲ್ಲ ಪರಿಚಿತವಾಯಿತು. ನಡುವೆ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಹೆಸರು ಕಟ್ಟುವ ಕ್ರಮ ಬದಲಾಗಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಓಬಣ್ಣ ನಾಯಕನೆಂಬವನು ಆಳಿದ. ಮುಂದೆ ಹೈದರಾಲಿಯ ಸೇನೆ ಮುತ್ತಿದಾಗ ಅದೇ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳು ಓಬವ್ವ.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿ ಈ ಕ್ರಮ ಇನ್ನೂ ನಿಚ್ಚಳವಾಗಿದೆ. ಗಜೇಶ ಮಸಣಯ್ಯ ಒಬ್ಬ ವಚನಕಾರ. ಆತನ ಹೆಂಡತಿ ಮಸಣಮ್ಮ, ಆಕೆಯೂ ವಚನಕಾರ್ತಿ. ಗಂಡಹೆಂಡಿರಿಗೆ ಒಂದೇ ಹೆಸರು. ಅಮುಗೆ ರಾಯಮ್ಮ ಮತ್ತೊಬ್ಬ ವಚನಕಾರ್ತಿ. ಮಾದಾರ ಚೆನ್ನಯ್ಯ ಚಮ್ಮಾರಿಕೆಯ ಕಾಯಕದ ಶರಣ. ಈ ಇಬ್ಬರ ಹೆಸರುಗಳೂ ಆರೇಳು ಶತಮಾನಗಳ ಬಳಿಕ ಕಿತ್ತೂರಿನಲ್ಲಿ ಅದಲುಬದಲಾಗಿ ನಮ್ಮ ಮುಂದೆ ಬರುತ್ತವೆ. 1824ರಲ್ಲಿ ಕಂಪನಿ ಸರ್ಕಾರವನ್ನು ಎದುರಿಸಿದ ರಾಣಿ ಚೆನ್ನಮ್ಮ. ಆಕೆಯ ಪರವಾಗಿ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ. ಚಮ್ಮಾರ ಶರಣನ ಹೆಸರು ರಾಣಿಗೆ, ಶರಣೆಯ ಹೆಸರು ಸೈನಿಕನಿಗೆ. ಚೆನ್ನ, ರಾಯ ಎಂಬ ಮೂಲಗಳು ಯಾರೊಬ್ಬರ ಸೊತ್ತೂ ಆಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಮೂಲ ಹೆಸರು ಎಲ್ಲರದಾಗಿದ್ದರೂ ಹಿಂದಿನ ಅಪ್ಪ, ಅವ್ವ ಎಲ್ಲರಿಗೂ ದೊರೆಯುತ್ತಿರಲಿಲ್ಲ. ಜಮೀನುಳ್ಳವನ ಮಗ ತೊಟ್ಟಿಲಲ್ಲೇ ನಿಂಗಪ್ಪ; ಅವನ ಹೊಲದಲ್ಲಿ ದುಡಿಯುವ ಕೇರಿಯ ಮುದುಕ ಸಾಯುವವರೆಗೂ ನಿಂಗ್ಯಾ, ಅವನ ಹೆಂಡತಿ ನಿಂಗಿ. ಅಂದರೆ ಈ ಸಂಬಂಧಸೂಚಕಗಳು ಗಂಡುಹೆಣ್ಣಿನ ಗುರುತು ಮಾತ್ರವಲ್ಲ, ಮರ್ಯಾದೆಯ ಗುರುತೂ ಹೌದು. ಇದನ್ನು ನೆನೆದಾಗಲೇ ಶರಣರು ಮಾಡಿದ ಕೆಲಸದ ತೂಕ ತಿಳಿಯುವುದು. ದೋಣಿ ನಡೆಸುವವನು ಚೌಡಯ್ಯ, ಚರ್ಮ ಹದಮಾಡುವವನು ಕಕ್ಕಯ್ಯ, ಅಕ್ಕಿ ಆಯುವವಳು ಲಕ್ಕಮ್ಮ, ಊರು ಸೂಳೆಯೆಂದು ಕರೆದವಳು ಸಂಕವ್ವೆ. ಊರು ಕೊಡದಿದ್ದ ಅಯ್ಯನನ್ನೂ ಅವ್ವೆಯನ್ನೂ ಅವರು ಎಲ್ಲರ ಹೆಸರಿಗೂ ಸೇರಿಸಿದರು. ಸಿಂಗ್, ಕೌರ್ ಎಂಬ ಪದಗಳು ಪಂಜಾಬಿನಲ್ಲಿ ಮಾಡಹೊರಟಿದ್ದೂ ಇಂಥದೇ ಕೆಲಸ.

ನಮ್ಮ ಕಾಲದಲ್ಲಿಯೂ ಇದಕ್ಕೊಂದು ಸಾಕ್ಷಿಯಿದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೆ ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ. ತಾನು ಹೆಣ್ಣೆಂದು ಅರಿತು ಆ ಬಾಳನ್ನು ಆರಿಸಿಕೊಂಡಾಗ ಅವರು ಹೆಸರಿನ ಮೂಲವನ್ನು ಬಿಡಬೇಕಾಗಲಿಲ್ಲ. ಅದಕ್ಕೊಂದು ಅಮ್ಮ ಕೂಡಿತು. ಹಾಗೆ ಕೂಡಲು ಎಡೆಯಿರುವ ಭಾಷೆಯಲ್ಲಿ ಅವರು ಹುಟ್ಟಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ನಗರ ಸೇರಿದ ನಾವು ಅಪ್ಪ ಅವ್ವಗಳನ್ನು ಹಳತೆಂದು ಕಳಚಿದೆವು. ಬದಲಿಗೆ ಬಂದವು ಶಾಸ್ತ್ರ ಹೇಳಿದಂಥ ಆಕಾರಾಂತ, ಈಕಾರಾಂತ ಹೆಸರುಗಳು: ಸುಜಾತಾ, ಸಂಗೀತಾ, ಭಾರತೀ. ಅವುಗಳ ನಡುವೆ ಶಾಸ್ತ್ರಕ್ಕೆ ಸಿಗದ ಕೆಲವೂ ಇವೆ. ಶಶಿ ಎಂದೊಡನೆ ಕೆಲವರಿಗೆ ಶಶಿ ಕಪೂರ್ ನೆನಪಾದರೆ, ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಮೊದಲು ನೆನಪಾಗುವವರು ಧಾರವಾಡದಲ್ಲಿ ಹುಟ್ಟಿದ, ಶ್ರೀರಂಗರ ಮಗಳು ಶಶಿ ದೇಶಪಾಂಡೆ. ಜ್ಯೋತಿ ನಮ್ಮಲ್ಲಿ ಹೆಣ್ಣು. ಬಂಗಾಳದಲ್ಲಿ ಜ್ಯೋತಿ ಬಸು 1977ರಿಂದ 2000ದವರೆಗೆ ಮುಖ್ಯಮಂತ್ರಿಯಾಗಿದ್ದರು. ಕಸ್ತೂರಿ ಹೆಣ್ಣುಮಕ್ಕಳ ಹೆಸರೆಂದು ನಂಬಿದವರಿಗೆ ಹಾಸ್ಯಲೇಖಕ ನಾ. ಕಸ್ತೂರಿಯವರು ಎದುರಾಗುತ್ತಾರೆ. ಕಿರಣ ಎಂಬ ಹೆಸರಿನ ಕ್ರಿಕೆಟ್ ಆಟಗಾರ ಮೋರೆ ಇದ್ದಾರೆ, 1972ರಲ್ಲಿ ಪೊಲೀಸ್ ಸೇವೆಗೆ ಸೇರಿದ ಬೇಡಿಯವರೂ ಇದ್ದಾರೆ.

ಇಂಥ ಹೆಸರುಗಳನ್ನು ಕನ್ನಡ ನಿಭಾಯಿಸುವ ರೀತಿ ಬೇರೆ. ಕನ್ನಡದಲ್ಲಿ ಮನುಷ್ಯರ ಲಿಂಗವು ಪದದ ಕೊನೆಯಿಂದಲ್ಲ, ಅರ್ಥದಿಂದ ತಿಳಿಯುವುದು. ಬರಿಯ ಕಿರಣ ನಪುಂಸಕ. ‘ಕಿರಣ ಬಂದನು’, ‘ಕಿರಣ ಬಂದಳು’ ಎಂದಾಗ ಕ್ರಿಯಾಪದವೇ ಆಳನ್ನು ತೋರುತ್ತದೆ. ಆದರೆ ಮರ್ಯಾದೆಯಿಂದ ‘ಕಿರಣ ಅವರು ಬಂದರು’ ಎಂದರೆ ಗಂಡೋ ಹೆಣ್ಣೋ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹಿಂದಿಯಲ್ಲಿ ಗೌರವದಿಂದ ಮಾತಾಡುವಾಗಲೂ ಕ್ರಿಯಾಪದ ಇದನ್ನು ಬಿಟ್ಟುಕೊಡುತ್ತದೆ. ಅಂದು ಕನ್ನಡದಲ್ಲಿ ಬರೆಯುವಂತಿದ್ದರೆ ‘ಮನಜೀತ್ ಅವರಿಗೆ’ ಎಂದು ಬರೆದು ನಾವು ತಪ್ಪಿನಿಂದ ಪಾರಾಗುತ್ತಿದ್ದೆವು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇದರಿಂದ ಸಣ್ಣದೊಂದು ಹೊಣೆ ಬರುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ಹಿರಿಯರ ಅರ್ಜಿ ತುಂಬುವಾಗ ಅಪ್ಪನನ್ನೂ ಅವ್ವನನ್ನೂ ಮುರಿದು ಅಡ್ಡಹೆಸರಿನ ಚೌಕಕ್ಕೆ ತಳ್ಳಬಾರದು. ನಿಂಗವ್ವ ಎಂಬುದು ಒಂದೇ ಹೆಸರು. ಅದರ ಎರಡು ತುಂಡುಗಳಲ್ಲಿ ಯಾವುದೂ ಬಿಡಿಯಾಗಿ ಆ ವ್ಯಕ್ತಿಯಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಾಯಿಯವರ ಹೆಸರನ್ನು ನಾವು ಇಡಿಯಾಗಿ ಮೊದಲ ಚೌಕದಲ್ಲೇ ಬರೆದು ಎರಡನೆಯದನ್ನು ಖಾಲಿ ಬಿಟ್ಟೆವು.

ಅದನ್ನು ನೋಡುತ್ತಿದ್ದ ನಮ್ಮ ಮಗಳು, ‘ಅಜ್ಜಿ ಹುಟ್ಟಿದಾಗ ಸಣ್ಣ ಪಾಪು ಅಲ್ಲವಾ? ಆವಾಗಲೇ ಅವ್ವ ಅಂತ ಯಾಕೆ ಹೆಸರಿಟ್ಟರು?’ ಎಂದು ಕೇಳಿದಳು. ಕವಿ ರನ್ನನೂ ತನ್ನ ಎಳೆಯ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟಿದ್ದ, ತನ್ನನ್ನು ಪೊರೆದ ತಾಯಿಯ ನೆನಪಿಗೆ. ಕೂಸಿನಲ್ಲಿ ಹಿರಿಯರನ್ನು ಕಾಣುವುದು ನಮ್ಮವರ ರೂಢಿ. ನಮ್ಮ ತಾಯಿ ಇಂದಿಗೂ ಮಗನಾದ ನಮ್ಮನ್ನು ಯಪ್ಪಾ ಎಂದೇ ಕರೆಯುವುದು. ಹೀಗೆಂದು ಮಗಳಿಗೆ ಹೇಳಿದೆವು. ಎಷ್ಟು ತಿಳಿಯಿತೋ ಗೊತ್ತಿಲ್ಲ.

ಆಕೆಯ ಹೆಸರು ಕಿರಣ. ಕಳೆದ ತಿಂಗಳು ಆಕೆಗೆ ಬಂದ ಪಾರಿತೋಷಕದ ಪತ್ರದಲ್ಲಿ ‘ಕುಮಾರ ಕಿರಣ್’ ಎಂದಿತ್ತು. ಹುಡುಗಿ ಮುಖ ಸಣ್ಣದು ಮಾಡಿ ಕುಳಿತಿದ್ದಳು. ಅಡುಗೆಮನೆಯಿಂದ ಅಜ್ಜಿ, ತಾನು ಯಾವಾಗಲೂ ಕರೆಯುವಂತೆ, ‘ಕಿರಣವ್ವಾ, ಉಣ್ಣಾಕ ಬಾ’ ಎಂದರು. ಆಕೆ ಪತ್ರವನ್ನು ಅಲ್ಲೇ ಬಿಟ್ಟು ಎದ್ದು ಹೋದಳು.