ಬೆಂದ ಕಾಳು, ಒಂದು ಕಲ್ಲು ಮತ್ತು "ಆಧಾರ ಏನು?" ಅಂತ ಕೇಳಿದ ಆ ಅಪರಿಚಿತರು

1/6

ಮೊದಲ ಫೋಟೋ ನಮ್ಮ ವಿಜಯನಗರದ ಮನೆಯ ಅಡುಗೆಮನೆದು. ಪಾತ್ರೆಯಲ್ಲಿರೋದು ಅಜ್ಜಿ ಬೇಯಿಸಿಟ್ಟ ಅವರೆಕಾಳು. ಇದೇ ಫೋಟೋನ ನಾನು ಕಳೆದ ಅವರೆಕಾಯಿ ಸೀಸನ್‌ನಲ್ಲೂ ಹಾಕಿದ್ದೆ, ನಿಮ್ಮಲ್ಲಿ ಹಲವರು ಲೈಕ್ ಕೊಟ್ಟಿದ್ರಿ. ಕೆಳಗೆ ದೊಡ್ಡ ಇತಿಹಾಸಕಾರನ ಹಾಗೆ ಬರೆದಿದ್ದೆ: ಹೊಯ್ಸಳ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಹಸಿದಿದ್ದ, ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಊರಿಗೆ ಬೆಂದಕಾಳೂರು ಅಂತ ಹೆಸರು ಬಂತು, ಅದೇ ಬೆಂಗಳೂರು ಆಯ್ತು. ಈ ಕಥೆ ನನಗೆ ಹೇಳಿದ್ದು ಅಜ್ಜಿ. ಕ್ಲಾಸ್‌ನಲ್ಲಿ ಸೆಮಿನಾರ್ ಕೊಟ್ಟಾಗಲೂ ಇದನ್ನೇ ಹೇಳಿದ್ದೆ, ಯಾರೂ ಕೈ ಎತ್ತಲಿಲ್ಲ.

ಕಾಮೆಂಟ್‌ನಲ್ಲಿ ಒಬ್ಬರು ಎತ್ತಿದ್ರು. ಪ್ರೊಫೈಲ್‌ನಲ್ಲಿ ಮುಖ ಇಲ್ಲ, ಒಂದು ಹಳೇ ಬೈಕಿನ ಫೋಟೋ ಅಷ್ಟೆ. ಎರಡೇ ಪದ ಬರೆದಿದ್ರು: "ಆಧಾರ ಏನು?"

ನಿಜ ಹೇಳ್ತೀನಿ, ಸಿಟ್ಟು ಬಂತು. ಪರಿಚಯ ಇಲ್ಲ, ಏನಿಲ್ಲ, ಬಂದು ನಮ್ಮಜ್ಜಿ ಕಥೆಗೆ ಆಧಾರ ಕೇಳ್ತಾರಲ್ಲ ಅಂತ. "ಇಡೀ ಬೆಂಗಳೂರಿಗೆ ಗೊತ್ತಿರೋ ವಿಷಯ ಗುರೂ, ಗೂಗಲ್ ಮಾಡಿ" ಅಂತ ಬರೆದೆ. ಅವರು ಬರೆದದ್ದು: "ಮಾಡಿದೆ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ. ಮೊದಲು ಬರೆದವರು ಯಾರು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಹತ್ರ ಇದ್ಯಾ?

2/6

ಆ ರಾತ್ರಿ ಹುಡುಕೋಕೆ ಕೂತೆ. ಅವರು ಹೇಳಿದ್ದು ಸರಿ. 2005ರ ಡಿಸೆಂಬರ್‌ನಲ್ಲಿ ಯು. ಆರ್. ಅನಂತಮೂರ್ತಿ ಅವರ ಸಲಹೆ ಒಪ್ಪಿ ಸರ್ಕಾರ "ಬ್ಯಾಂಗಲೋರ್ ಇನ್ನು ಬೆಂಗಳೂರು" ಅಂತ ಘೋಷಿಸಿದಾಗ ಈ ಕಾಳಿನ ಕಥೆ ಜಗತ್ತೆಲ್ಲಾ ಸುತ್ತಿತು. 2014ರ ನವೆಂಬರ್ 1ಕ್ಕೆ ಹೆಸರು ಅಧಿಕೃತವಾಗಿ ಜಾರಿಗೆ ಬಂದಾಗ ಇನ್ನೊಂದು ಸುತ್ತು. ಸುದ್ದಿಯಿಂದ ಬ್ಲಾಗಿಗೆ, ಬ್ಲಾಗಿಂದ ವಾಟ್ಸಾಪಿಗೆ, ಅಲ್ಲಿಂದ ನನ್ನ ಪೋಸ್ಟಿಗೆ. ನೂರು ಕಡೆ ಓದಿದೆ ಅಂದ್ರೆ ನೂರು ಸಾಕ್ಷಿ ಸಿಕ್ಕಿದೆ ಅಂತ ನಾನು ಅಂದ್ಕೊಂಡಿದ್ದೆ. ಇದ್ದದ್ದು ಒಂದೇ ಕಥೆ, ನೂರು ಸಲ.

ಮರುದಿನ ಅವರೇ ಒಂದು ಕಲ್ಲಿನ ಫೋಟೋ ಕಳಿಸಿದ್ರು. ಬೇಗೂರಿನ ದೇವಸ್ಥಾನದ ಆವರಣದಲ್ಲಿರೋ ಹಳಗನ್ನಡದ ಶಾಸನ. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ ಇದನ್ನ ದಾಖಲಿಸಿದ್ದರು. ಗಂಗರ ಕಾಲದ್ದು, ಸುಮಾರು 890ರ ಆಸುಪಾಸು. ಅದರಲ್ಲಿರೋದು ಬಹಳ ಚಿಕ್ಕ ವಿಷಯ: ನಾಗತ್ತರ ಅನ್ನೋ ನಾಯಕನ ಕಡೆಯವರು "ಬೆಂಗಳೂರು ಕಾಳೆಗ"ದಲ್ಲಿ ಸತ್ತರು. ಸತ್ತವರು ಯಾರು ಅನ್ನೋದನ್ನ ಓದೋದರಲ್ಲೂ ವ್ಯತ್ಯಾಸ ಇದೆ. ಬುಟ್ಟಣಸೆಟ್ಟಿ ಅನ್ನೋ ಸೇವಕ ಅಂತ ಪತ್ರಿಕೆಗಳಲ್ಲಿ ಬರುತ್ತೆ, ನಾಗತ್ತರನ ಮಗ ಅಂತ ಓದಿದವರೂ ಇದ್ದಾರೆ. ಆದರೆ ಊರಿನ ಹೆಸರಿನ ಬಗ್ಗೆ ತಕರಾರಿಲ್ಲ. ಬೆಂಗಳೂರು.

ಈಗ ಲೆಕ್ಕ ಹಾಕಿ. ಕಥೆಯ ವೀರಬಲ್ಲಾಳ, ಅಂದ್ರೆ ಎರಡನೇ ಬಲ್ಲಾಳ, ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಹುಟ್ಟೋಕೆ ಎರಡು ಶತಮಾನಕ್ಕೂ ಮುಂಚೆಯೇ ಈ ಊರಿನ ಹೆಸರಲ್ಲಿ ಜನ ಹೊಡೆದಾಡಿ ಸತ್ತಿದ್ದಾರೆ. ರಾಜ ಬಂದು ಕಾಳು ತಿಂದಿದ್ದರೂ ತಿಂದಿರಬಹುದು, ಹೆಸರು ಮಾತ್ರ ಅವನಿಗಿಂತ ಹಳೇದು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ ಅಂತ ನಾವೆಲ್ಲ ಓದಿದ್ದೀವಲ್ಲ, ಅದಕ್ಕಿಂತ ಆರೂವರೆ ಶತಮಾನ ಹಿಂದಿನ ಮಾತಿದು.

ಅಜ್ಜಿಗೆ ಹೇಳಿದೆ. ಸೊಪ್ಪು ಬಿಡಿಸ್ತಾ ಇದ್ದವಳು ತಲೆ ಎತ್ತದೆ ಕೇಳಿದ್ಳು: "ಕಾಳು ಬೇಯಿಸಲಿಲ್ಲ ಅಂತ ಕಲ್ಲಲ್ಲಿ ಬರೆದಿದ್ಯೇನೋ?"

ನಗು ಬಂತು. ಆದರೆ ಈ ಪ್ರಶ್ನೆ ನೆನಪಲ್ಲಿಟ್ಕೊಳ್ಳಿ, ಮುಂದೆ ನನ್ನ ಮಾನ ಹೋಗೋದು ಇದೇ ಜಾಗದಲ್ಲಿ.

3/6

ಸೋತವನು ಸುಮ್ನಿರಬೇಕು ತಾನೇ? ನಾನಿರಲಿಲ್ಲ. ಎರಡೇ ದಿನಕ್ಕೆ ಹೊಸ ಪೋಸ್ಟ್ ಹಾಕಿದೆ: "ಬೆಂದಕಾಳೂರು ಸುಳ್ಳು! ನಿಜವಾದ ಅರ್ಥ ಬೆಂಗಾವಲೂರು, ಕಾವಲು ಕಾಯೋರ ಊರು. ಶಾಸನದಲ್ಲೇ ಇದೆ!" ಯಾವುದೋ ರೀಲ್‌ನಲ್ಲಿ ಕೇಳಿದ್ದೆ, ಚೆನ್ನಾಗಿತ್ತು. ಹಿಂದಿನ ಪೋಸ್ಟ್‌ಗಿಂತ ಲೈಕ್ ಜಾಸ್ತಿ ಬಂತು. ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ "ಮಗಾ ಸೂಪರ್" ಅಂತ ಹಾಕಿದವರ ಹೆಸರು ನಾನು ಹೇಳಲ್ಲ ಬಿಡಿ.

ಹಳೇ ಬೈಕಿನವರು ಮತ್ತೆ ಬಂದ್ರು: "ಯಾವ ಶಾಸನ? ಯಾವ ಸಾಲು?"

ಇಲ್ಲಿ ನಾನು ಮಾಡಿದ ಕೆಲಸ ಹೇಳೋಕೆ ನಾಚಿಕೆ ಆಗುತ್ತೆ. ಒಂದು ಚಾಟ್‌ಬಾಟ್‌ಗೆ ಹೋಗಿ, ಬೆಂಗಾವಲೂರು ಅಂತ ಇರೋ ಶಾಸನದ ಸಾಲು ಕೊಡು ಅಂದೆ. ಕೊಡ್ತು! ಗಂಭೀರವಾದ ಹಳಗನ್ನಡ, ಸಂಪುಟದ ಹೆಸರು, ಪುಟದ ಸಂಖ್ಯೆ, ಎಲ್ಲ. ಓದದೇ ಕಾಪಿ ಮಾಡಿ ಹಾಕಿದೆ. ಆ ಕಡೆಯಿಂದ ಬೈಗುಳ ಬರಲಿಲ್ಲ. "ಆ ಸಂಪುಟ ನೆಟ್‌ನಲ್ಲೇ ಇದೆ. ಆ ಪುಟ ತೆಗೆದು ಒಂದು ಸ್ಕ್ರೀನ್‌ಶಾಟ್ ಹಾಕಿ" ಅಷ್ಟೇ.

ಸಂಪುಟ ಅಂದ್ರೆ ಎಪಿಗ್ರಾಫಿಯಾ ಕರ್ನಾಟಿಕಾ. ಅದನ್ನ ಮಾಡಿದ ಬಿ. ಎಲ್. ರೈಸ್ 1837ರಲ್ಲಿ ನಮ್ಮ ಬೆಂಗಳೂರಲ್ಲೇ ಹುಟ್ಟಿದವರು. ಹಳೇ ಮೈಸೂರಿನ ಊರೂರು ಶಾಸನಗಳನ್ನ ನಕಲು ಮಾಡಿಸಿ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಬೆಂಗಳೂರು ಜಿಲ್ಲೆಯದ್ದು ಒಂಬತ್ತನೇ ಸಂಪುಟ, 1905. ಅದರ ವ್ಯವಸ್ಥೆ ನೋಡಿ ಬೆರಗಾದೆ. ಪ್ರತಿ ಶಾಸನಕ್ಕೂ ತಾಲೂಕಿನ ಹೆಸರು ಮತ್ತು ಒಂದು ನಂಬರ್, ಅದು ಯಾವ ಊರಲ್ಲಿ ಎಲ್ಲಿ ನಿಂತಿದೆ ಅನ್ನೋ ವಿವರ, ಮೂಲ ಕನ್ನಡ ಪಾಠ, ಇಂಗ್ಲಿಷ್ ಅನುವಾದ. ಅಂದ್ರೆ ರೈಸ್ ಹೇಳಿದ್ದನ್ನ ನೀವು ನಂಬಬೇಕಾಗೇ ಇಲ್ಲ. ಅನುವಾದ ಸರಿಯಿಲ್ಲ ಅನ್ನಿಸಿದ್ರೆ ಪಾಠ ಓದಿ, ಪಾಠದ ಮೇಲೆ ಡೌಟ್ ಬಂದ್ರೆ ಆ ಊರಿಗೆ ಹೋಗಿ ಕಲ್ಲು ನೋಡಿ. ಜಗಳ ಆಡೋರಿಗೆ ಅಂತಲೇ ಮಾಡಿಟ್ಟ ಹಾಗಿದೆ.

ಚಾಟ್‌ಬಾಟ್ ಹೇಳಿದ ಪುಟ ತೆಗೆದೆ. ಆ ಸಾಲು ಅಲ್ಲಿರಲಿಲ್ಲ. ಹಿಂದೆ ಮುಂದೆ ಹತ್ತತ್ತು ಪುಟ ನೋಡಿದೆ, ಎಲ್ಲೂ ಇಲ್ಲ. ಯಾವ ಕಲ್ಲೂ ಹೇಳದ ಮಾತನ್ನ ನಾನು ಕಲ್ಲಿನ ಬಾಯಿಗೆ ತುರುಕಿದ್ದೆ.

4/6

ಆಮೇಲೆ ಕೇಳಿದೆ: "ಹಾಗಾದ್ರೆ ಬೆಂಗಳೂರು ಅಂದ್ರೆ ಏನ್ ಸರ್ ಅರ್ಥ?" ಅಲ್ಲಿವರೆಗೂ ಗುರೂ ಅಂತಿದ್ದವನು ಆ ದಿನದಿಂದ ಸರ್ ಅನ್ನೋಕೆ ಶುರು ಮಾಡಿದೆ.

ಅವರು ಬರೆದದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಬೇಗೂರಿನ ಕಲ್ಲು ಹೇಳೋದು ಒಂದೇ: ಆ ಕಾಲಕ್ಕೆ ಈ ಹೆಸರು ಇತ್ತು. ಹೆಸರಿನ ಅರ್ಥ ಏನು ಅಂತ ಅದು ಹೇಳಲ್ಲ. ಬೇಂಗೆ ಮರದಿಂದ ಬಂತು ಅನ್ನೋರಿದ್ದಾರೆ, ಬೆಂಗಾವಲಿಂದ ಅನ್ನೋರಿದ್ದಾರೆ. ಎರಡೂ ಊಹೆ. ಊಹೆ ತಪ್ಪಲ್ಲ, ಅದಕ್ಕೆ "ಶಾಸನದಲ್ಲೇ ಇದೆ" ಅಂತ ಮೊಹರು ಒತ್ತೋದು ತಪ್ಪು.

ನಮ್ಮ ವಾದ ನೋಡ್ತಾ ಇದ್ದ ಇನ್ನೊಬ್ಬರು ನಡುವೆ ಬಂದ್ರು: "890 ಅಂತ ಕಲ್ಲಿನ ಮೇಲೆ ಬರೆದಿದ್ಯಾ?" ಇಲ್ಲ. ಆ ಕಲ್ಲಲ್ಲಿ ಇಸವಿ ಇಲ್ಲ. ಅಕ್ಷರಗಳ ರೂಪ ನೋಡಿ, ನಾಗತ್ತರ ಯಾವ ಕಾಲದವನು ಅಂತ ಬೇರೆ ಕಲ್ಲುಗಳಿಂದ ತಿಳಿದು, ವಿದ್ವಾಂಸರು ಕಟ್ಟಿದ ಅಂದಾಜು ಅದು. ಬೇಗೂರಿನದ್ದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ (ಮೂರನೇ ಫೋಟೋ). ಆನೆ, ಕುದುರೆ, ಬಿದ್ದ ಹೆಣಗಳು, ಇಡೀ ಯುದ್ಧವೇ ಅದರ ಮೇಲಿದೆ. ಗಂಗ ರಾಜ ಎರೆಯಪ್ಪನ ಆಜ್ಞೆಯಂತೆ ತುಂಬೆಪಾಡಿಯಲ್ಲಿ ಕಾದಾಡಿ ನಾಗತ್ತರ ಸತ್ತ, ಆಮೇಲೆ ಇರುಗ ಅನ್ನೋನಿಗೆ ನಾಗತ್ತರ ಅನ್ನೋ ಪಟ್ಟವೂ ಬೆಂಪೂರು ಹನ್ನೆರಡರ ಹಳ್ಳಿಗಳೂ ಸಿಕ್ಕವು ಅಂತ ಅದು ಹೇಳುತ್ತೆ. ಆ ಬೆಂಪೂರೇ ಇವತ್ತಿನ ಬೇಗೂರು. ಒಂದು ಕಲ್ಲು ಇನ್ನೊಂದಕ್ಕೆ ಸಾಕ್ಷಿ ಹೇಳೋದು ಹೀಗೆ.

ನಾನು 890 ಅಂತ ಬರೆದಿದ್ದೆ. "ಸುಮಾರು" ಅನ್ನೋ ಪದ ಬಿಟ್ಟಿದ್ದೆ. ಪೋಸ್ಟರ್‌ನಲ್ಲಿ ಜಾಗ ಇರಲಿಲ್ಲ ಅನ್ನೋದು ನನ್ನ ಸಬೂಬು.

ಕೊನೆಗೂ ಒಂದು ಭಾನುವಾರ ಬೇಗೂರಿಗೆ ಹೋದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಇಳಿದು ಬಸ್ಸು. ಅರ್ಧ ದಿನ ಹೋಯ್ತು. ಕಲ್ಲಿನ ಮುಂದೆ ಕೂತು ಅಕ್ಷರ ಗುರುತಿಸೋಕೆ ನೋಡಿದೆ. ಮೊದಲು ಬರೀ ಗೀಚು. ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲೊಂದು ಇಲ್ಲೊಂದು ಕಾಣಿಸ್ತು. ಓದಿದೆ ಅಂತ ಹೇಳಲ್ಲ, ಸುಳ್ಳಾಗುತ್ತೆ. ನೋಡಿದೆ.

5/6

ಈಗ ನಮ್ಮ ಏರಿಯಾಗೆ ಬನ್ನಿ. ಬೇಗೂರು ದೂರ ಆಯ್ತು, ನಮ್ಮ ಪಶ್ಚಿಮ ಬೆಂಗಳೂರಲ್ಲಿ ಏನಿದೆ ಹಳೇದು, ಎಲ್ಲ ಲೇಔಟು ತಾನೇ ಅಂತ ನನಗೂ ಅನ್ನಿಸಿತ್ತು. ರಾಜಾಜಿನಗರ ಅಂದ್ರೆ ಸಿ. ರಾಜಗೋಪಾಲಾಚಾರಿ ಹೆಸರು, ಅಂದ್ರೆ ನಿನ್ನೆ ಮೊನ್ನೆಯದು. ಆದರೆ ಆ ಬ್ಲಾಕುಗಳ ನಡುವೆ ಕೇತಮಾರನಹಳ್ಳಿ ಅಂತ ಒಂದು ಹೆಸರು ಇನ್ನೂ ಉಳಿದಿದೆ. ಲೇಔಟ್ ಬರೋಕೆ ಎಷ್ಟೋ ಮುಂಚಿನ ಹಳ್ಳಿ ಅದು, ರೈಸ್ ಕಾಲದ ದಾಖಲೆಯಲ್ಲಿ ಅಲ್ಲಿನ ಶಾಸನ ಇದೆ.

ರಾಜಾಜಿನಗರದ ಪಿ. ಎಲ್. ಉದಯ ಕುಮಾರ್ ಕೆಲವು ವರ್ಷಗಳ ಹಿಂದೆ ಆ ಕಲ್ಲನ್ನ ಹುಡುಕಿಕೊಂಡು ಹೋದರು. ವೃತ್ತಿಯಲ್ಲಿ ಎಂಜಿನಿಯರ್, ಇತಿಹಾಸದ ಪ್ರೊಫೆಸರ್ ಏನಲ್ಲ. ಪುಸ್ತಕದಲ್ಲಿ ಶಾಸನ ಇತ್ತು, ಜಾಗದಲ್ಲಿ ಕಲ್ಲು ಇರಲಿಲ್ಲ. ಹೋಗಿಬಿಟ್ಟಿತ್ತು.

ಅಲ್ಲಿಂದ ಶುರುವಾದದ್ದು ನೋಡಿ. ಅವರೂ ಕೆಲವು ಆಸಕ್ತರೂ ಸೇರಿ ಫೇಸ್‌ಬುಕ್‌ನಲ್ಲಿ ಬೆಂಗಳೂರಿನ ಶಾಸನ ಕಲ್ಲುಗಳಿಗೆ ಅಂತಲೇ ಒಂದು ಗುಂಪು ಮಾಡಿದರು. ಯಾರೋ ತಮ್ಮ ಬೀದಿ ಕೊನೆಯ ಕಲ್ಲಿನ ಫೋಟೋ ಹಾಕ್ತಾರೆ, ಎಲ್ಲಿಂದಲೋ ಇನ್ಯಾರೋ ಇದು ಇಂಥ ಶಾಸನ ಅಂತ ಗುರುತಿಸ್ತಾರೆ. ಯಾವ ಕಲ್ಲು ಎಲ್ಲಿದೆ ಅಂತ ಗೂಗಲ್ ಮ್ಯಾಪ್‌ನಲ್ಲಿ ಗುರುತು ಹಾಕ್ತಾ ಹೋದರು. ನಾವು ರಾತ್ರಿ ಎರಡು ಗಂಟೆವರೆಗೆ ಸಿನಿಮಾ ನಟರ ಬಗ್ಗೆ ಕಚ್ಚಾಡೋ ಅದೇ ಫೋನು, ಅದೇ ಇಂಟರ್ನೆಟ್ಟು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು, ಗಂಗ ರಾಜ ಶ್ರೀಪುರುಷನ ಕಾಲ. ಅದರಲ್ಲಿ "ಪೆರ್ಬೊಳಲ್" ಅಂತಿದೆ, ಅದೇ ಹೆಬ್ಬಾಳ. ಜನರೇ ಸೇರಿ ಆ ಕಲ್ಲಿಗೊಂದು ಮಂಟಪ ಕಟ್ಟಿದರು. 2021ರಿಂದ ಮಿಥಿಕ್ ಸೊಸೈಟಿಯಲ್ಲಿ ಉದಯ ಕುಮಾರ್ ಅವರ ತಂಡ ಊರೂರಿಗೆ ಹೋಗಿ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರದಲ್ಲೂ ಕೂದಲೆಳೆಯಷ್ಟು ಆಳ ಉಳಿದಿರುತ್ತೆ, ಸ್ಕ್ಯಾನರ್ ಅದನ್ನ ಹಿಡಿಯುತ್ತೆ. ಓದಿದ್ದು ತಪ್ಪು ಅನ್ನಿಸಿದ್ರೆ ಯಾರು ಬೇಕಾದ್ರೂ ಆ ಸ್ಕ್ಯಾನ್ ತಿರುಗಿಸಿ ನೋಡಿ ಜಗಳ ಆಡಬಹುದು.

ಚಾಟ್‌ಬಾಟೂ ಮೆಷಿನ್ನೇ, ಸ್ಕ್ಯಾನರೂ ಮೆಷಿನ್ನೇ. ಅದಕ್ಕೇ "ಟೆಕ್ನಾಲಜಿಯಿಂದ ಇತಿಹಾಸ ಹಾಳಾಯ್ತು" ಅಂತ ಯಾರಾದ್ರೂ ಭಾಷಣ ಶುರು ಮಾಡಿದ್ರೆ ನನಗೆ ಆಕಳಿಕೆ ಬರುತ್ತೆ. ಎರಡಕ್ಕೂ ಇರೋ ವ್ಯತ್ಯಾಸ ಇಷ್ಟೇ: ಒಂದರ ಹಿಂದೆ ಹೋದ್ರೆ ಕಲ್ಲು ಸಿಗುತ್ತೆ.

6/6

ಕೊನೆಯ ಫೋಟೋ ಖಾಲಿ ಇದೆ ಅಂತ ಕೇಳ್ಬೇಡಿ. ಹೋದ ಶನಿವಾರ ಕೇತಮಾರನಹಳ್ಳಿಯಲ್ಲಿ ತೆಗೆದದ್ದು. ಕಲ್ಲು ಇಲ್ಲ ಅಂತ ಗೊತ್ತಿದ್ದೂ ಹೋಗಿದ್ದೆ. ಗೋಡೆ, ನಿಂತ ಸ್ಕೂಟರ್, ಒಂದು ಬೇವಿನ ಮರ. ಅಲ್ಲಿದ್ದ ಒಬ್ಬ ಹಿರಿಯರನ್ನ ಕೇಳಿದೆ, "ತಾತ, ಇಲ್ಲೆಲ್ಲಾದ್ರೂ ಬರಹ ಇರೋ ಕಲ್ಲು ಇತ್ತಾ?" "ಎಷ್ಟೋ ಕಲ್ಲಿತ್ತಪ್ಪ, ಮನೆ ಕಟ್ಟುವಾಗ ಯಾರು ನೋಡ್ತಾರೆ" ಅಂದ್ರು.

ದಾನ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪ ಇರುತ್ತೆ, ಇದನ್ನ ಅಳಿಸಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಬರಲಿ ಅಂತ. ಮುಂದೆ ಬರೋ ಅಪರಿಚಿತರನ್ನ ಪೂರ್ತಿ ನಂಬಬಾರದು ಅಂತ ಕೆತ್ತಿಸಿದವರಿಗೂ ಗೊತ್ತಿತ್ತು. ಜೆಸಿಬಿ ಬರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಪಾಠ ಉಳಿದಿದೆ ನಿಜ, ಆದರೆ ನಕಲು ಮಾಡಿದವರು ಒಂದು ಅಕ್ಷರ ತಪ್ಪಿದ್ದರೆ ಇನ್ನು ಯಾರೂ ಹೋಗಿ ಸರಿ ನೋಡೋಕಾಗಲ್ಲ.

ಹಳೇ ಎರಡೂ ಪೋಸ್ಟ್ ನಾನು ಡಿಲೀಟ್ ಮಾಡಿಲ್ಲ. ಮೇಲೆ "ಇದು ತಪ್ಪು, ಯಾಕೆ ಅಂತ ಕಾಮೆಂಟ್ ಓದಿ" ಅಂತ ಹಾಕಿದ್ದೀನಿ. ಅಜ್ಜಿ ಈಗಲೂ ಕಾಳಿನ ಕಥೆ ಹೇಳ್ತಾಳೆ, ಪಕ್ಕದ್ಮನೆ ಮಗುಗೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ನಮ್ಮ ಹುಡುಗ ಇದು ಸುಳ್ಳು ಅಂತಾನೆ, ಅವನನ್ನೇ ಕೇಳು." ಆ ಮಗು ಬಂದು ಕೇಳುತ್ತೆ ಕೂಡ.

ಹಳೇ ಬೈಕಿನವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಈ ಸರಣಿ ಹಾಕೋ ಮುಂಚೆ ಅವರಿಗೆ ಕಳಿಸಿದ್ದೆ. ಎರಡು ತಪ್ಪು ತಿದ್ದಿದ್ರು. ಆಮೇಲೆ ಒಂದು ಮೆಸೇಜ್: "ಕೆಂಗೇರಿ ಕಡೆ ಒಂದು ಕಲ್ಲಿದೆ ಅಂತ ಯಾರೋ ಹೇಳಿದ್ರು. ನಾನಿನ್ನೂ ನೋಡಿಲ್ಲ. ಹೋಗೋದಾದ್ರೆ ನೀರು ಮತ್ತೆ ಒಂದು ಟಾರ್ಚ್ ತಗೊಂಡು ಹೋಗಿ, ಬೆಳಕು ಪಕ್ಕದಿಂದ ಬಿಡಿ."

ಈ ಭಾನುವಾರ ಬೆಳಿಗ್ಗೆ ಏಳಕ್ಕೆ ವಿಜಯನಗರ ಮೆಟ್ರೋ ಹತ್ರ ಇರ್ತೀನಿ. ಬರೋರು ಮೆಸೇಜ್ ಮಾಡಿ.

#ಬೆಂಗಳೂರು #ಶಾಸನ #ಬೇಗೂರು #ಕೇತಮಾರನಹಳ್ಳಿ #ಆಧಾರಏನು