ಮೌಯಿಯ ಹೊಳೆಗಳು

ಹವಾಯಿ ಭಾಷೆಯಲ್ಲಿ ನೀರಿಗೆ ‘ವೈ’ ಎನ್ನುತ್ತಾರೆ. ಅದನ್ನೇ ಎರಡು ಸಲ ಹೇಳಿದರೆ, ‘ವೈವೈ’, ಸಂಪತ್ತು. ಮೊದಲು ಓದಿದಾಗ ಇದು ಭಾಷೆಯ ಸೊಗಸು ಎಂದಷ್ಟೇ ಅಂದುಕೊಂಡಿದ್ದೆ. ಮೌಯಿ ದ್ವೀಪದ ಚರಿತ್ರೆ ಓದುತ್ತ ಹೋದಂತೆ, ಆ ಸಂಪತ್ತು ಯಾರದ್ದು ಎಂಬ ಜಗಳ ಅಲ್ಲಿ ಎಷ್ಟು ಹಳೆಯದು ಎಂದು ತಿಳಿಯಿತು.

ಹವಾಯಿಯ ಮೂಲನಿವಾಸಿಗಳ ಮುಖ್ಯ ಬೆಳೆ ಕೆಸು. ನಾವು ಪತ್ರೊಡೆಗೆ ಎಲೆ ಕೊಯ್ಯುವ ಕೆಸುವೇ. ಅವರಿಗೆ ಅದರ ಗೆಡ್ಡೆಯೇ ಅನ್ನ. ಕೆಸುವಿನ ಗದ್ದೆಯಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇರಬೇಕು; ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ಹೊಳೆಯಿಂದ ಕಾಲುವೆಗೆ ಬಂದ ನೀರು ಗದ್ದೆಯಿಂದ ಗದ್ದೆಗೆ ಇಳಿದು ಮತ್ತೆ ಹೊಳೆ ಸೇರುತ್ತಿತ್ತು. ಪಾಲು ನೋಡಿಕೊಳ್ಳಲು ನಮ್ಮ ಕೆರೆಗಳ ನೀರುಗಂಟಿಯಂಥವನೊಬ್ಬ ಇರುತ್ತಿದ್ದ. ಬಳಸುವುದು, ಬಳಸಿ ಮರಳಿಸುವುದು: ಹಕ್ಕು ಎಂದರೆ ಇಷ್ಟೇ.

ಸಕ್ಕರೆ ಬಂದ ಮೇಲೆ ಇದು ಬದಲಾಯಿತು. ಮೌಯಿಯಲ್ಲಿ ಮಳೆ ಸುರಿಯುವುದು ಪೂರ್ವದ ಬೆಟ್ಟಗಳ ಮೇಲೆ. ಕಬ್ಬಿಗೆ ಸಿಕ್ಕ ನೆಲ ನಡುವಿನ ಒಣ ಬಯಲು. 1878ರಲ್ಲಿ ಕ್ಲೌಸ್ ಸ್ಪ್ರೆಕಲ್ಸ್ ಎಂಬ ಸಕ್ಕರೆ ವ್ಯಾಪಾರಿ ಹೊಳೆಗಳ ನೀರು ಕೇಳಿದ. ಮಂತ್ರಿಗಳು ಅನುಮಾನಿಸಿದರು. ದೊರೆ ಕಲಾಕೌವಾ ನಡುರಾತ್ರಿಯಲ್ಲೇ ಮಂತ್ರಿಮಂಡಲವನ್ನು ವಜಾ ಮಾಡಿದ. ಕೆಲವೇ ದಿನಗಳಲ್ಲಿ ವರ್ಷಕ್ಕೆ 500 ಡಾಲರಿನಂತೆ 30 ವರ್ಷಗಳ ಗುತ್ತಿಗೆ ಸಿದ್ಧವಾಯಿತು. ದೊರೆಗೆ ಸ್ಪ್ರೆಕಲ್ಸ್‌ನಿಂದ ಸಾಲವೂ ದೊರೆತಿತ್ತು. ಕಾಲುವೆಗೆ ಹೋದ ನೀರು ಹೊಳೆಗೆ ಮರಳಲಿಲ್ಲ. ಕೆಳಗಿನ ಕೆಸುವಿನ ಗದ್ದೆಗಳು ಒಣಗಿದವು.

ಕಾನೂನು ತಿರುಗಿದ್ದು ಬಹಳ ತಡವಾಗಿ. 1973ರಲ್ಲಿ ಕೌವಾಯಿ ದ್ವೀಪದ ಎರಡು ಸಕ್ಕರೆ ಕಂಪನಿಗಳು ಹೊಳೆಯೊಂದರ ನೀರಿಗಾಗಿ ಜಗಳವಾಡುತ್ತಿದ್ದಾಗ, ಹವಾಯಿಯ ಸರ್ವೋಚ್ಚ ನ್ಯಾಯಾಲಯ ಅದು ಇಬ್ಬರದ್ದೂ ಅಲ್ಲ ಎಂದಿತು. 1978ರಲ್ಲಿ ಜನರಿಗಾಗಿ ನೀರನ್ನು ಕಾಯುವ ಹೊಣೆ ಸರ್ಕಾರದ್ದೆಂದು ಸಂವಿಧಾನದಲ್ಲೇ ಸೇರಿತು. 2000ದ ವೈಯಾಹೋಲೆ ತೀರ್ಪು ಇನ್ನೂ ಮುಂದೆ ಹೋಯಿತು: ನೀರು ಸಾರ್ವಜನಿಕರ ಪರವಾಗಿ ಕಾಯಬೇಕಾದ ಸ್ವತ್ತು, ಅದರಲ್ಲಿ ಖಾಸಗಿ ವ್ಯಾಪಾರಕ್ಕೆ ವಿಶೇಷ ರಕ್ಷಣೆಯಿಲ್ಲ.

2016ರಲ್ಲಿ ಮೌಯಿಯ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಲ ಆಯೋಗ ಪೂರ್ವ ಮೌಯಿಯ ಹಲವು ಹೊಳೆಗಳಿಗೆ ನೀರು ಮರಳಿ ಬಿಡಲು ಆದೇಶಿಸಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೆಟ್ಟದ ಮೇಲ್ಭಾಗದ ಊರುಗಳ ನಲ್ಲಿಗೂ ಇದೇ ಹೊಳೆಗಳ ನೀರು ಬೇಕು. ಅವರ ಬಾಯಾರಿಕೆಯೂ ಸುಳ್ಳಲ್ಲ. ಆದರೂ ಒಂದು ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ: ಹೊಳೆಗಳನ್ನು ಕೊಟ್ಟುಬಿಡಲು ಕೆಲವು ದಿನ ಸಾಕಾದವು, ಮರಳಿಸಿ ಎಂದು ಹೇಳಲು 140 ವರ್ಷ ಬೇಕಾಯಿತು.